ಗಂಜಿಯ ಹಂಡೆಗೊಂದು ಹಾಡು

ದಾಂಡೇಲಿಯ ಪ್ರಭುದಾಸ ಕೀಬೋರ್ಡು ನುಡಿಸಲು ಕೂತರೆ ಕಾಳಿ ನದಿಯ ಮೊಸಳೆಗಳು ದಡ ಹತ್ತಿ, ಕಣ್ಣು ಮುಚ್ಚಿ ಮಲಗಿಬಿಡುತ್ತವೆ ಎಂದು ಅವನ ಮೇಳದವರು ಹೇಳುತ್ತಾರೆ. ಅವು ಭಕ್ತಿಯಿಂದ ಕಣ್ಣು ಮುಚ್ಚುತ್ತವೆಯೋ, ತಡೆಯಲಾರದೆ ಮುಚ್ಚುತ್ತವೆಯೋ, ಹತ್ತಿರ ಹೋಗಿ ಕೇಳಿಕೊಂಡು ಬಂದವರು ಇನ್ನೂ ಯಾರೂ ಇಲ್ಲ.

ಸದ್ದಂತೂ ಜೋರು. ವಯಸ್ಸು ಅರವತ್ಮೂರು ದಾಟಿ ಕಿವಿ ಸ್ವಲ್ಪ ಮಂದವಾಗಿದ್ದರಿಂದ, ಅವನು ತನಗೆ ಕೇಳುವಷ್ಟು ನುಡಿಸಿದರೆ ಜೋಯಿಡಾದ ಕಾಡಿನವರಿಗೂ ಕೇಳುತ್ತಿತ್ತು. ಕಾಗದ ಕಾರ್ಖಾನೆಯ ನೌಕರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಎರಡೇ ಕೆಲಸ. ಹಾಡು ಕಟ್ಟುವುದು, ಗಂಜಿ ಹಂಚುವುದು. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಕ್ರಿಸ್ಮಸ್ಸಿಗೆಂದು ವರ್ಷಕ್ಕೊಂದು ಹೊಸ ಹಾಡು ಕಟ್ಟುತ್ತಿದ್ದ. ಡಿಸೆಂಬರ್ ಬಂತೆಂದರೆ ಮೇಳ ಸಂಜೆ ಹೊತ್ತು ಮನೆಮನೆಗೆ ಹೋಗಿ ಅದನ್ನು ಹಾಡುತ್ತಿತ್ತು. ಮೇಳವೆಂದರೆ ದೊಡ್ಡ ದಂಡೇನಲ್ಲ. ಕೀಬೋರ್ಡಿಗೆ ಎಲ್ಲರೂ ಮಾಸ್ತರ ಎನ್ನುವ ಪ್ರಭುದಾಸ, ಢೋಲಕಿಗೆ ಹಳಿಯಾಳ ಕಡೆಯ ಸಿದ್ದಿಯರ ಬಸ್ತ್ಯಾಂವ, ಮುಂದೆ ನಿಂತು ಹಾಡಲು ಮಾರ್ಥವ್ವ, ಹಿಂದಿನಿಂದ ದನಿಗೂಡಿಸಲು ಚರ್ಚಿನ ನಾಲ್ಕು ಹೆಣ್ಣುಮಕ್ಕಳು. ಹಾಡು ಕೇಳಿದ ಮನೆಯವರು ನುಚ್ಚೋ, ಹೆಸರುಬೇಳೆಯೋ, ಒಂದು ಸೀಸೆ ಎಣ್ಣೆಯೋ ಕೊಡುತ್ತಿದ್ದರು. ಅದರಲ್ಲೇ ವರ್ಷದ ಗಂಜಿ ಸಾಗುತ್ತಿತ್ತು.

ಗಂಜಿ ಶುರುವಾದದ್ದು ಮೂರು ವರ್ಷದ ಹಿಂದೆ. ಪ್ರಭುದಾಸನ ತಾಯಿ ಹನ್ನೊಂದು ದಿನ ದವಾಖಾನೆಯಲ್ಲಿದ್ದಳು. ಅವನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ರೋಗಿಗಳ ಜೊತೆ ಅನಮೋಡದ ಆಚೆಯಿಂದ, ಜೋಯಿಡಾದ ಕಾಡೊಳಗಿನಿಂದ ಬಂದ ಜನವೂ ಅಲ್ಲೇ ಕೂತಿತ್ತು. ಒಬ್ಬ ಹೆಂಗಸು ತನ್ನ ಗಂಟು ಬಿಚ್ಚಿ, ಇದ್ದ ಒಂದೇ ರೊಟ್ಟಿಯನ್ನು ಎರಡು ಮಾಡಿ, ಅರ್ಧ ಅವನ ಕೈಗಿಟ್ಟಳು. ಅವನು ತಿಂದ. ಆಮೇಲೆ ನೋಡಿದರೆ ಅವಳ ಗಂಟಿನಲ್ಲಿ ಮತ್ತೇನೂ ಇರಲಿಲ್ಲ, ಊರಿಗೆ ಹೋಗುವ ಬಸ್ಸಿಗೆ ಇನ್ನೂ ಎರಡು ದಿನವಿತ್ತು. ಆ ಅರ್ಧ ರೊಟ್ಟಿ ಇವತ್ತಿಗೂ ತನ್ನ ಗಂಟಲಲ್ಲೇ ಇದೆ, ಕೆಳಗಿಳಿದಿಲ್ಲ ಎನ್ನುತ್ತಿದ್ದ ಪ್ರಭುದಾಸ. ತಾಯಿ ತೀರಿಕೊಂಡ ಮರುತಿಂಗಳಿನಿಂದ ದವಾಖಾನೆಯ ಕಟ್ಟೆಗೆ ಬೆಳಗಿನ ಗಂಜಿ ಹೋಗತೊಡಗಿತು. ಒಂದು ದಿನವೂ ತಪ್ಪಿರಲಿಲ್ಲ.

ಈ ವರ್ಷ ತಪ್ಪುವ ಕಾಲ ಬಂದಿತ್ತು.

ಗಂಜಿ ಕುದಿಯುತ್ತಿದ್ದುದು ಮಹಾಬಳೇಶ್ವರನೆಂಬ ಜಮೀನುದಾರನ ತಗಡಿನ ಶೆಡ್ಡಿನಲ್ಲಿ. ಆತ ಒಳ್ಳೆಯವನೇ, ಮೂರು ವರ್ಷ ಬಾಡಿಗೆ ಕೇಳಿರಲಿಲ್ಲ. ಡಿಸೆಂಬರಿನ ಮೊದಲ ವಾರ ಬಂದು, ಕೈ ಹಿಸುಕುತ್ತ ನಿಂತ.

“ಮಾಸ್ತರ, ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇಪ್ಪತ್ತನಾಕಕ್ಕ ಶೆಡ್ ಖಾಲಿ ಆಗಬೇಕು. ಇಲ್ಲಿ ಮೂರು ರೂಮು ಬರ್ತಾವು, ಬೋಟಿನವರಿಗೆ.”

“ಯಾವ ಬೋಟಿನವರು?”

“ನದ್ಯಾಗ ಬೋಟ್ ಮಗಚಿ ನೀರಿಗೆ ಬೀಳಾಕ ರೊಕ್ಕ ಕೊಟ್ಟು ಬರ್ತಾರಲ್ರೀ, ಅವರು.”

ಒಲೆಯ ಮುಂದಿದ್ದ ಮಾರ್ಥವ್ವ ಗಂಜಿ ತಿರುವುವ ಹುಟ್ಟು ಹಿಡಿದೇ ತಿರುಗಿದಳು. “ನೀರಿಗೆ ಬೀಳಾಕ ರೊಕ್ಕ ಯಾಕ್ರೀ? ನಾ ಪುಕ್ಕಟ ನೂಕತೇನಿ. ಶೆಡ್ ಮಾತ್ರ ನಮಗ ಬಿಡ್ರಿ.”

ಮಹಾಬಳೇಶ್ವರ ನಕ್ಕ, ಆದರೆ ಶೆಡ್ ಬಿಡಲಿಲ್ಲ.

ಬೇರೆ ಜಾಗವೆಲ್ಲಿ? ಅವರ ಚರ್ಚೇ ಒಂದು ಸೀರೆ ಅಂಗಡಿಯ ಮೇಲಿನ ಹಾಲ್. ಅಲ್ಲಿ ಒಲೆ ಹಚ್ಚಿದರೆ ಭಾನುವಾರದ ಹೊತ್ತಿಗೆ ಕೆಳಗಿನ ಸೀರೆಗಳೆಲ್ಲ ಹೊಗೆ ಹಿಡಿದು ಒಂದೇ ಬಣ್ಣವಾಗಿ ಬಿಡುತ್ತಿದ್ದವು. ಮಾರ್ಥವ್ವನ ಅಡಿಗೆಮನೆಯಲ್ಲಿ ಹಂಡೆ ಇಟ್ಟರೆ ಅವಳು ಹೊರಗೆ, ಅವಳು ಒಳಗೆ ಬಂದರೆ ಹಂಡೆ ಹೊರಗೆ. ಪ್ರಭುದಾಸ ಊರೆಲ್ಲ ಕೇಳಿದ. ಹದಿನೇಳು ಕಡೆ ಚಹಾ ಸಿಕ್ಕಿತು, ಜಾಗ ಸಿಗಲಿಲ್ಲ. ಕ್ರಿಸ್ಮಸ್ಸಿನ ದಿನವೇ ದವಾಖಾನೆಯ ಕಟ್ಟೆಯಲ್ಲಿ ಜನ ಖಾಲಿ ತಾಟು ಹಿಡಿದು ಕೂತಿರುವುದನ್ನು ನೆನೆದು ಅವನು ಚಹಾ ಅರ್ಧಕ್ಕೇ ಇಟ್ಟು ಮುಂದಿನ ಮನೆಗೆ ನಡೆಯುತ್ತಿದ್ದ.

“ಹಾಡಿನ ಮ್ಯಾಲೆ ಭರವಸೆ ಇಡೂಣು. ಈ ಸಲದ ಹಾಡು ಕೇಳಿದ ಮ್ಯಾಲೆ ಯಾರರ ಒಬ್ಬರ ಮನಸ್ಸು ಕರಗೇ ಕರಗತೈತಿ” ಎಂದ.

ಕರಗಬೇಕಾದ ಹಾಡು ಹೀಗಿತ್ತು: “ಹೇ ಅಚಿಂತ್ಯ ಮಹಿಮಾನ್ವಿತ, ಅವತೀರ್ಣ ಪ್ರಭಾಪುಂಜ!” ಮುಂದಿನದು ಇದಕ್ಕಿಂತ ಗಟ್ಟಿ. ಅದನ್ನು ಅಚ್ಚು ಹಾಕಿಸಿ, ಕೆಳಗೆ ‘ರಚನೆ, ರಾಗ ಸಂಯೋಜನೆ: ಪ್ರಭುದಾಸ’ ಎಂದು ಅಷ್ಟೇ ದಪ್ಪಕ್ಷರದಲ್ಲಿ ಬರೆಸಿದ್ದ. ಅವನ ಹಾಡಿಗೆ ಒಂದು ಕಟ್ಟಪ್ಪಣೆಯಿತ್ತು. ಬರೆದ ಅಕ್ಷರಕ್ಕಿಂತ ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು. ಒಮ್ಮೆ ಚರ್ಚಿನಲ್ಲಿ ಒಬ್ಬಳು ಭಾವಕ್ಕೆ ಸಿಕ್ಕಿ ಕೊನೆಯಲ್ಲಿ “ಆ…” ಎಂದು ಎಳೆದದ್ದಕ್ಕೆ ಇವನು ನುಡಿಸುವುದನ್ನೇ ನಿಲ್ಲಿಸಿ, ಅವಳ “ಆ” ಮುಗಿಯುವವರೆಗೆ ಕೈ ಕಟ್ಟಿ ಕೂತಿದ್ದ.

ಮೊದಲ ಸಂಜೆ ಮೇಳ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಏಳು ಮನೆ ಹಾಡಿತು. ಆರು ಮನೆಯವರು ಭಯಭಕ್ತಿಯಿಂದ ಕೇಳಿ ಚಕ್ಕುಲಿ ಕೊಟ್ಟರು. ಏಳನೆಯ ಮನೆಯ ಮುದುಕಿ, ಯಾರೋ ಸತ್ತ ಸುದ್ದಿ ಎಂದುಕೊಂಡು ಸೆರಗು ಬಾಯಿಗಿಟ್ಟುಕೊಂಡಳು.

ಹಾದಿಯಲ್ಲಿ ಮಾರ್ಥವ್ವ ಚಕ್ಕುಲಿ ಮುರಿಯುತ್ತ ಕೇಳಿದಳು. “ಪ್ರಭಣ್ಣಾ, ಈ ಹಾಡಿನಾಗ ನಮ್ಮ ಗಂಜಿ ಎಲ್ಲಿ ಐತಿ?”

“ಐತಿ. ಮೂರನೇ ಚರಣದಾಗ. ‘ಕ್ಷುಧಾರ್ತ ಜನಪೋಷಕಾ’ ಅಂತ ಬರ್ತೈತಿ.”

“ಕ್ಷುಧಾರ್ತ ಅಂದ್ರ?”

“ಹಸಿದವರು.”

“ಹಸಿದವರಿಗೆ ಹಸಿದವರು ಅನ್ನಾಕ ಏನ್ ಧಾಡಿ ನಿನಗ? ಆ ಮಾತು ನಾಲಿಗಿ ಮ್ಯಾಲೆ ತರೂದ್ರಾಗ ನನಗ ಹಸಿವಾತು.”

ಬಸ್ತ್ಯಾಂವ ಢೋಲಕಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ಪ್ರಭುದಾಸನಿಗೆ ಉರಿದುಹೋಯಿತು.

“ನಿನಗ ಅಕ್ಷರ ಗೊತ್ತಿಲ್ಲ, ಸಾಹಿತ್ಯ ಏನ್ ಗೊತ್ತಾಗಬೇಕು?”

“ಖರೇ ಐತಿ. ನನಗ ಗೊತ್ತಾಗಲಿಲ್ಲ. ಏಳೂ ಮನಿಯವರಿಗೆ ಗೊತ್ತಾಗಲಿಲ್ಲ. ಜಾಗ ಬೇಕು ಅಂತ ದೇವರಿಗರ ಗೊತ್ತಾತೋ ಇಲ್ಲೋ, ನಾಳಿ ಪ್ರಾರ್ಥನಿ ಒಳಗ ಬಿಡಿಸಿ ಹೇಳ್ಬಿಡು.”

ಅವನು ಕೀಬೋರ್ಡು ಬಗಲಿಗಿಟ್ಟುಕೊಂಡು, ಇಡೀ ದಾಂಡೇಲಿಗೆ ಬೆನ್ನು ತೋರಿಸುವವನಂತೆ ನಡೆದ.

ಸಿಟ್ಟು ಮೂರು ದಿನವಿತ್ತು. ಮೂರು ದಿನವೂ ಅದೇ ಹಾಡು, ಅದೇ ಚಕ್ಕುಲಿ. ಮೇಳದವರ ಮನೆಗಳಲ್ಲಿ ಚಕ್ಕುಲಿ ಇಡಲು ಡಬ್ಬಿ ಸಾಲದಾದವು.

ಇಪ್ಪತ್ಮೂರನೆಯ ತಾರೀಖಿನ ಬೆಳಗ್ಗೆ ಪ್ರಭುದಾಸ ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಒಳಗೆ ಮಾರ್ಥವ್ವ ಮೊರದಲ್ಲಿ ನುಚ್ಚು ಹಾಕಿಕೊಂಡು ಕಲ್ಲುಹರಳು ಆರಿಸುತ್ತಿದ್ದಳು. ಕೈ ಮೊರದಲ್ಲಿ ಆಡಿದಂತೆ ಬಾಯಿ ತಾನಾಗಿ ಗುನುಗುತ್ತಿತ್ತು. ಬೀಸುವ ಹೆಂಗಸರ ಧಾಟಿ ಅದು. ಒಂದು ಸಾಲು ಏರಿ, ಒಂದು ಸಾಲು ತಿರುಗಿ, ಮೂರನೆಯದು ಕಲ್ಲಿನ ಜೊತೆ ಕೆಳಗಿಳಿಯುವ ಧಾಟಿ.

ಅವನ ತಾಯಿ ಧಾರವಾಡದ ಹತ್ತಿರದ ಹಳ್ಳಿಯವಳು. ಓದಿದವಳಲ್ಲ. ಭಾನುವಾರ ಪಾದ್ರಿ ಸುವಾರ್ತೆ ಓದಿದ್ದನ್ನು ಕಿವಿಯಲ್ಲಿ ತುಂಬಿಕೊಂಡು ಬಂದು, ಸೋಮವಾರ ಜೋಳದ ಜೊತೆ ಬೀಸಿ ಹಾಡು ಮಾಡಿಬಿಡುತ್ತಿದ್ದಳು. ಅವಳ ಹಾಡಿನಲ್ಲಿ ಯೋಸೇಫನು ಎತ್ತಿನ ಗಾಡಿ ಹೂಡಿಕೊಂಡು ಬೆತ್ಲೆಹೇಮಿಗೆ ಹೋಗುತ್ತಿದ್ದ, ಮರಿಯಮ್ಮ ಬಸುರಿ ಬಯಕೆಗೆ ಹುಣಸೆಕಾಯಿ ಕೇಳುತ್ತಿದ್ದಳು. ದೊಡ್ಡವನಾದ ಮೇಲೆ ಪ್ರಭುದಾಸನಿಗೆ ಅದು ನಾಚಿಕೆಯ ಹಾಡೆನಿಸಿತ್ತು. ಈಗ ಮಾರ್ಥವ್ವನ ಗುನುಗು ಕೇಳುತ್ತ ಅವನ ಮೊಣಕಾಲು ತಾನಾಗಿ ಆಡತೊಡಗಿತು.

ಜೇಬಿನಲ್ಲಿದ್ದ ತನ್ನ ಅಚ್ಚಿನ ಹಾಡು ತೆಗೆದ. ಮಗುಚಿದ. ಹಿಂದೆ ಖಾಲಿಯಿತ್ತು. ಪೆನ್ನು ತೆಗೆದು ‘ಮಹಿಮಾ’ ಎಂದು ಬರೆದ, ಹೊಡೆದುಹಾಕಿದ. ‘ದಿವ್ಯ’ ಬರೆದ, ಹೊಡೆದ. ಅರ್ಧ ತಾಸು ಬರೆದದ್ದಕ್ಕಿಂತ ಹೊಡೆದದ್ದೇ ಹೆಚ್ಚು. ಕೊನೆಗೆ ತಾಯಿಯ ದನಿಯಲ್ಲಿ ಹೇಳಿಕೊಂಡು ನೋಡಿದ. ಆಗ ಸಾಲುಗಳು ದನ ಮನೆಗೆ ಬಂದಂತೆ ಒಂದರ ಹಿಂದೊಂದು ಬಂದವು.

“ಮಾರ್ಥವ್ವಾ, ಇದನ್ನ ಒಂದೀಟು ಕೇಳು” ಎಂದ, ಅವಳ ಕಡೆ ನೋಡದೆ.

ಊರಾಗ ಸಾವಿರ ಮನಿ, ಮನಿಗೊಂದು ದೀಪ
ಕೂಸಿಗೆ ಮೂಲಿಯೊಂದಿಲ್ಲ, ನಮಸ್ವಾಮಿ
ಗ್ವಾದಲ್ಯಾಗ ಹಾಸೀದ ಹುಲ್ಲ

ಒಲಿಯಿಲ್ಲ ನೆರಳಿಲ್ಲ ಗಂಜೀಯ ಹಂಡೀಗೆ
ಬೀದ್ಯಾಗ ಕುಂತಾದ ಇಂದ, ನಮಸ್ವಾಮಿ
ನಿನ್ಹಾಂಗ ಕೇಳ್ತಾದ ಜಾಗ

ಮಾರ್ಥವ್ವನ ಕೈ ಮೊರದಲ್ಲೇ ನಿಂತಿತು.

“ಯಾರು ಬರದ್ರು?”

“ನಾ.”

“ಸುಳ್ಳ ಹೇಳ್ತೀ. ನಿಮ್ಮವ್ವ ಬರದಾಳ.” ಕಣ್ಣು ಒರೆಸಿಕೊಂಡಳು. “ಒಲಿ ಹೊಗಿ ಭಾಳ ಆತು ಇವತ್ತ.”

ಒಲೆ ಆಗಲೇ ಆರಿತ್ತು. ಪ್ರಭುದಾಸ ಕಾಗದ ಮಡಚಿದ. “ಆದ್ರ ಕೇಳು, ಇದರಾಗನೂ ಅಷ್ಟ. ಒಂದು ಅಕ್ಷರ ಅತ್ತಿತ್ತ ಮಾಡಬ್ಯಾಡ್ರಿ” ಎಂದ.

ಅಂದು ಸಂಜೆ ಉಳಿದದ್ದು ಊರಂಚಿನ ಹೊಸ ಓಣಿಯೊಂದೇ. ಅಲ್ಲಿ ಯಾವ ಮನೆ ಯಾರದು ಮೇಳದವರಿಗೆ ಗೊತ್ತಿರಲಿಲ್ಲ. ಇಂಥ ಕಡೆ ಅವರದು ಮೊದಲಿನಿಂದ ಬಂದ ರೂಢಿ: ಅಂಗಳದಲ್ಲಿ ನಕ್ಷತ್ರ ತೂಗಿದರೆ ತಮ್ಮವರ ಮನೆ, ಒಳಗೆ ಹೋಗಿ ಹಾಡುವುದು. ಇಲ್ಲದಿದ್ದರೆ ಮುಂದಕ್ಕೆ. ಓಣಿಯ ಕೊನೆಯ ಮನೆಯಲ್ಲಿ ಕೆಂಪು ನಕ್ಷತ್ರ ತೂಗುತ್ತಿತ್ತು. ಐದು ಕೋನ, ಒಳಗೆ ದೀಪ, ಎಮ್ಮೆಯ ತಲೆಯಷ್ಟು ದೊಡ್ಡದು.

“ಹೊಸಾ ವಿಶ್ವಾಸಿಗಳು ಬಂದಾರ. ನಡೀರಿ” ಎಂದ ಪ್ರಭುದಾಸ.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕೀಬೋರ್ಡು ಇಟ್ಟು, ಬಸ್ತ್ಯಾಂವ ಢೋಲಕಿಗೆ ಕೈ ಹಾಕಿ, ಮಾರ್ಥವ್ವ ಮೊದಲ ಸಾಲು ಎತ್ತಿದಳು. ಒಳಗಿನಿಂದ ಗಂಡ ಹೆಂಡತಿ ಹೊರಗೆ ಬಂದರು. ಗಂಡನ ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹೆಂಡತಿಯ ಹಣೆಯಲ್ಲೂ ವಿಭೂತಿ. ಗೋಡೆಯ ಗೂಡಿನಲ್ಲಿ ಬಿಲ್ವಪತ್ರೆ.

ಪ್ರಭುದಾಸನ ಬೆರಳು ಕೀಬೋರ್ಡಿಗೆ ಅಂಟಿಕೊಂಡವು. ಒಂದೇ ಸ್ವರ “ಪೇಂ” ಎಂದು ಉದ್ದಕ್ಕೆ ಹೊಡೆದುಕೊಂಡಿತು. ಅವನು ತಲೆ ಎತ್ತಿ ಹೊರಗೆ ತೂಗುವುದನ್ನು ಈಗ ಸರಿಯಾಗಿ ನೋಡಿದ. ಅದು ದೀಪಾವಳಿಯ ಆಕಾಶಬುಟ್ಟಿ!

“ತಪ್ಪಾತ್ರಿ ಅಯ್ನಾರ” ಎಂದು ಎದ್ದು ನಿಂತ. “ನಕ್ಷತ್ರ ನೋಡಿ ನಮ್ಮವರ ಮನಿ ಅಂತ ಒಳಗ ಬಂದ್ಬಿಟ್ವಿ.”

ಆ ಮನೆ ಅಡಿವೆಯ್ಯನವರದು. ಅವರು ಒಮ್ಮೆ ಮೇಳವನ್ನು, ಒಮ್ಮೆ ಆಕಾಶಬುಟ್ಟಿಯನ್ನು ನೋಡಿ ಹೆಂಡತಿಯ ಕಡೆ ತಿರುಗಿದರು. “ನೋಡಿದ್ಯಾ ನೀಲಾ? ದೀಪಾವಳಿ ಮುಗದು ತಿಂಗಳ ಮ್ಯಾಲಾತು, ಇಳಿಸು ಇಳಿಸು ಅಂದ್ರ ಕೇಳಲಿಲ್ಲ.”

“ನನಗ್ಯಾಕ ಹೇಳ್ತೀರಿ?” ಎಂದಳು ನೀಲಕ್ಕ. “ನಿಮಗ ಮೊಳಕಾಲು ನೋವು, ನನಗ ಏಣಿ ಅಂದ್ರ ಅಂಜಿಕಿ, ಮಗ ಶರಣಬಸವಗ ಕಾರ್ಖಾನ್ಯಾಗ ಪಾಳಿ ಮ್ಯಾಲೆ ಪಾಳಿ. ಅದ ತಾನ ಇಳಿದು ಬರ್ತೈತೇನು?” ಆಮೇಲೆ ಮೇಳದ ಕಡೆ ತಿರುಗಿದಳು. “ನೀವ್ಯಾಕ ಎದ್ರಿ? ಮನಿಯೊಳಗ ಎತ್ತಿದ ಹಾಡು ಅರ್ಧಕ್ಕ ಬಿಡಬಾರ್ದು. ಕುಂಡರ್ರಿ, ಮುಗಿಸ್ರಿ. ಯಾರ ದೇವರಾದ್ರೇನು, ಕೂಸು ಕೂಸ ಅಲ್ಲೇನು?”

ಮೇಳ ಕೂತಿತು. ಮಾರ್ಥವ್ವ ಮತ್ತೆ ಎತ್ತಿದಳು. ದನ ಮೇಯುವ ಗ್ವಾದಲಿಯ ಹುಲ್ಲಿಗೆ ಬಂದಾಗ ನೀಲಕ್ಕ ಕಂಬಕ್ಕೆ ಒರಗಿದಳು. ಬೀದಿಯಲ್ಲಿ ಕೂತ ಹಂಡೆಗೆ ಬಂದಾಗ ಅವಳ ತುಟಿ ಅಲುಗುತ್ತಿತ್ತು. ಹಾಡು ಮುಗಿದು ಢೋಲಕಿ ಇನ್ನೂ ನಿಲ್ಲುವ ಮೊದಲೇ, ಆ ಧಾಟಿಯಲ್ಲಿ ಬೆಳೆದ ಯಾವ ಹೆಂಗಸೂ ಮಾಡುವಂತೆ, ಅವಳು ಎದುರಿನಿಂದ ಉತ್ತರ ಎತ್ತಿಬಿಟ್ಟಳು:

ಜಾಗಿಲ್ಲ ಜಾಗಿಲ್ಲ ಅಂತ್ಯಾಕ ಅಳತೀರಿ
ಹಿತ್ತಲ ತಗಡೀನ ಕೆಳಗ ಮೂರೊಲಿ
ಬೆಂಕಿ ಕಾಣದ ಬಿದ್ದಾವ ಬರ್ರಿ

ಬಸ್ತ್ಯಾಂವನ ಕೈಗೆ ಹುಚ್ಚು ಹಿಡಿಯಿತು. ಢೋಲಕಿ ಕುಣಿಯಿತು. ಹಿಂದಿನ ನಾಲ್ಕು ಹೆಣ್ಣುಮಕ್ಕಳು ಕೇಳುವುದೇನು, ಆ ಸಾಲನ್ನೇ ಹಿಡಿದು ಮೂರು ಸಲ ಹಾಡಿದರು. ಅವರ ದನಿಗೆ ತಗಡು ಹಾರಿ ಹಳಿಯಾಳದಲ್ಲಿ ಬೀಳಬೇಕು, ಹಾಗೆ.

ಪ್ರಭುದಾಸನ ಹಾಡಿಗೆ, ಬೆಳಗ್ಗೆ ಹುಟ್ಟಿದ, ಇನ್ನೂ ಶಾಯಿ ಒಣಗದ ಹಾಡಿಗೆ, ಗುರುತಿಲ್ಲದ ಹೆಂಗಸೊಬ್ಬಳು ಇಡೀ ಒಂದು ನುಡಿ ಸೇರಿಸಿಬಿಟ್ಟಿದ್ದಳು. ಬೆರಳು ಎತ್ತಿ ಕೈ ಕಟ್ಟಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಆ ನುಡಿ ಏನು ಹೇಳುತ್ತಿದೆ ಎಂಬುದು ಅವನ ಮಂದ ಕಿವಿಗೆ ಮುಟ್ಟಿತು. ಮೂರು ಒಲೆ. ತಗಡಿನ ಕೆಳಗೆ. ಬರ್ರಿ. ಬೆರಳು ಕೆಳಗಿಳಿಸಿ ಅವಳ ಹಿಂದೆ ನುಡಿಸತೊಡಗಿದ.

ಹಾಡು ನಿಂತಾಗ ಅಡಿವೆಯ್ಯನವರ ಮುಖ ಸುಟ್ಟ ರೊಟ್ಟಿಯಂತಾಗಿತ್ತು.

“ಏನ್ ಹಾಡಿದಿ ನೀಲಾ? ಯಾರನ್ನ ಕೇಳಿ ಹಾಡಿದಿ?”

“ಬಾಯಿಗೆ ಬಂತು, ಹಾಡಿದೆ. ಸುಳ್ಳೇನು? ಒಲಿ ಮೂರು ಬಿದ್ದಿಲ್ಲೇನು?”

ಒಲೆ ಬಿದ್ದಿದ್ದವು. ಒಲೆ ಅಷ್ಟೇ ಅಲ್ಲ, ಆನೆ ಮರಿಯನ್ನು ಮೀಯಿಸುವಷ್ಟು ದೊಡ್ಡ ನಾಲ್ಕು ಹಂಡೆಗಳೂ ಬೋರಲು ಬಿದ್ದಿದ್ದವು. ಅಡಿವೆಯ್ಯನವರು ಮುಂಡಗೋಡ, ಸನವಳ್ಳಿ, ಹಳಿಯಾಳ ಸೀಮೆಯಲ್ಲಿ ನಲವತ್ತು ವರ್ಷ ಮದುವೆ ಅಡಿಗೆ ಮಾಡಿದವರು. ಅವರ ಗೋಧಿ ಹುಗ್ಗಿ ತಿಂದ ಮದುಮಗನೊಬ್ಬ ಅಕ್ಷತೆಯ ಹೊತ್ತಾದರೂ ಪಂಕ್ತಿ ಬಿಟ್ಟು ಏಳದೆ, ಕೊನೆಗೆ ಮದುಮಗಳೇ ಬಂದು ಎಬ್ಬಿಸಬೇಕಾಯಿತಂತೆ. ಮೊಣಕಾಲು ಕೈಕೊಟ್ಟ ಮೇಲೆ ಮಗನ ಹತ್ತಿರ ದಾಂಡೇಲಿಗೆ ಬಂದಿದ್ದರು. ಹಂಡೆಗಳನ್ನು ಬಿಟ್ಟುಬರಲು ಮನಸ್ಸಾಗಿರಲಿಲ್ಲ. ಅವುಗಳ ಮುಖ ನೋಡಲೂ ಮನಸ್ಸಾಗದೆ ಹಿತ್ತಲ ಬಾಗಿಲನ್ನೇ ತೆಗೆಯುತ್ತಿರಲಿಲ್ಲ.

ಪ್ರಭುದಾಸ ದವಾಖಾನೆಯ ಕಟ್ಟೆ, ಶೆಡ್ಡು, ನಾಳೆಯ ಗಡುವು ಎಲ್ಲ ಹೇಳಿದ. “ಒಂದು ಒಲಿ ಸಾಕ್ರಿ ಅಯ್ನಾರ. ಅಡಿಗಿ ನಮ್ಮ ಮಾರ್ಥವ್ವ ಮಾಡ್ತಾಳ. ನಿಮಗ ತ್ರಾಸಿಲ್ಲ.”

“ಅದ ತ್ರಾಸು!” ಎಂದರು ಅಡಿವೆಯ್ಯನವರು. “ನನ್ನ ಒಲಿ ಮುಂದ ನಾ ಬಿಟ್ಟು ಇನ್ನೊಬ್ಬರು ನಿಂತಿಲ್ಲ. ನನ್ನ ಹಂಡೇಕ ಇನ್ನೊಬ್ಬರು ಹುಟ್ಟು ಹಾಕಿಲ್ಲ. ಗಂಟು ಕಟ್ಟಿಸಿದ್ರ? ತಳ ಹತ್ತಿಸಿದ್ರ? ನಾಳಿ ಮಂದಿ ಏನಂತಾರ, ಅಡಿವೆಯ್ಯನ ಹಂಡೇದಾಗ ಸೀದ ಗಂಜಿ ಅಂತಾರ. ಆಗೂದಿಲ್ರಿ.”

ಮಾರ್ಥವ್ವ ಬಾಯಿ ತೆರೆದಳು. ಪ್ರಭುದಾಸ ಕೈ ಅಡ್ಡ ಹಿಡಿದ. ಅವಳು ಈಗ ಮಾತಾಡಿದರೆ ಒಲೆಯ ಜೊತೆ ಬರಬೇಕಿದ್ದ ಚಹಾವೂ ಹೋಗುತ್ತಿತ್ತು. ಅವನಿಗೆ ಈ ಮುದುಕನ ಹೊಟ್ಟೆಯೊಳಗಿನ ಮಾತು ತನ್ನ ಹೊಟ್ಟೆಯಷ್ಟೇ ಚೆನ್ನಾಗಿ ಗೊತ್ತಿತ್ತು.

“ಅಯ್ನಾರ, ಒಂದು ಮಾತು ಕೇಳ್ತೇನಿ. ನನ್ನ ಹಾಡಿಗೆ ಇವತ್ತಿನ ಮಟ ಯಾರೂ ಒಂದು ಅಕ್ಷರ ಸೇರಿಸಿಲ್ಲ. ಈಕಿನ್ನ ಕೇಳ್ರಿ ಬೇಕಾರ.”

“‘ಆ’ ಅಂದ್ರೂ ಬಿಟ್ಟಿಲ್ರಿ” ಎಂದಳು ಮಾರ್ಥವ್ವ.

“ಈಗ ನಿಮ್ಮ ಮನಿಯವರು ಇಡೀ ಒಂದು ನುಡಿ ಹಾಕಿದ್ರು. ನನಗ ಒಳಗ ಹೆಂಗಾಗಿರಬೇಕು ನೀವ ಹೇಳ್ರಿ. ನಾ ಈ ಬಾಜಾ ಪೆಟಗಿ ಮುಚ್ಚಿಕೊಂಡು ಎದ್ದು ಹೋದ್ನೇನು? ಅವರ ಹಿಂದ ಬಾರಿಸಿದೆ. ಹಾಡು ಕೆಡಲಿಲ್ಲ. ನನಗ ಹೇಳಾಕ ಸಂಕಟ ಆಗತೈತಿ, ಆದ್ರೂ ಹೇಳ್ತೇನಿ, ನಾ ಬರದ ಎರಡು ನುಡಿಗಿಂತ ಅದ ಚೊಲೋ ಐತಿ.”

ಮಾರ್ಥವ್ವ ಪ್ರಭುದಾಸನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ನೀಲಕ್ಕ ಸೆರಗು ಸರಿಮಾಡಿಕೊಂಡು, ಇನ್ನೊಂದು ನುಡಿಯೂ ಬರುತ್ತಿದೆ ಎಂಬಂತೆ ಗಂಟಲು ಸರಿಮಾಡಿಕೊಂಡಳು. ಅಡಿವೆಯ್ಯನವರು ಗಾಬರಿಯಾಗಿ ಕೈ ಎತ್ತಿದರು.

“ಸಾಕು, ಸಾಕು! ಇನ್ನೊಂದು ಹಾಡಿದಿ ಅಂದ್ರ ಮನೀನ ಕೊಟ್ಟುಬಿಡ್ತೀ.” ಮೊಣಕಾಲು ತಿಕ್ಕಿಕೊಂಡರು. “ನಾಡದು ನಿಮ್ಮ ಹಬ್ಬ. ಆ ಒಂದು ದಿನ ಮಾಡ್ಕೋರ್ರಿ. ಒಂದ ದಿನ! ಹಬ್ಬಕ್ಕ ಬಂದವರನ್ನ ಇಲ್ಲಂತ ಕಳಸಬಾರ್ದಂತ ಅಷ್ಟ. ಮರುದಿನ ಕೇಳಬ್ಯಾಡ್ರಿ.”

ಒಂದೇ ದಿನ. ಪ್ರಭುದಾಸ ಕೈ ಮುಗಿದ. ಹಾದಿಯಲ್ಲಿ ಬಸ್ತ್ಯಾಂವ, “ಮಾಸ್ತರ, ಹಬ್ಬದ ಮರುದಿನ ಏನ್ ಮಾಡೂದು?” ಎಂದು ಕೇಳಿದ. ಇಪ್ಪತ್ನಾಲ್ಕರ ಬೆಳಗ್ಗೆ ಶೆಡ್ಡಿನಲ್ಲಿ ಕಡೆಯ ಗಂಜಿ ಮಾಡಿ, ಬೀಗದ ಕೈಯನ್ನು ಮಹಾಬಳೇಶ್ವರನಿಗೆ ಕೊಟ್ಟು ಬಂದರು.

ಕ್ರಿಸ್ಮಸ್ಸಿನ ಬೆಳಗ್ಗೆ ಆರು ಗಂಟೆಗೆ ಅಡಿವೆಯ್ಯನವರ ಹಿತ್ತಲ ಬಾಗಿಲು ತೆರೆಯಿತು. ನೀಲಕ್ಕ ಹಂಡೆ ಬೆಳಗಿಟ್ಟಿದ್ದಳು. ಎಷ್ಟು ಬೆಳಗಿದ್ದಳೆಂದರೆ ಕಾಗೆಯೊಂದು ಅದರಲ್ಲಿ ತನ್ನ ಮುಖ ಕಂಡು ಬೆಚ್ಚಿ ಹಾರಿಹೋಯಿತು. ಅಡಿವೆಯ್ಯನವರು ತಾವು ನೋಡುವುದೇ ಇಲ್ಲ ಎಂದು ಹೇಳಿ, ಕುರ್ಚಿ ತಂದು ಒಲೆಯಿಂದ ಮೂರು ಮಾರು ದೂರದಲ್ಲಿ ಹಾಕಿಸಿಕೊಂಡು, ಬೆನ್ನು ತಿರುಗಿಸಿ ಕೂತರು. ಬೆನ್ನಿಗೇ ಕಣ್ಣಿದ್ದವು.

“ನುಚ್ಚು ಈಗ ಹಾಕಬ್ಯಾಡ. ನೀರು ಇನ್ನೂ ಕುದಿಯಾಕತ್ತಿಲ್ಲ.”

“ನಿಮಗ ಹೆಂಗ ಗೊತ್ತಾತ್ರಿ?” ಎಂದಳು ಮಾರ್ಥವ್ವ.

“ಸಪ್ಪಳ! ಕುದಿಯೂ ನೀರಿನ ಸಪ್ಪಳ ಬ್ಯಾರೆ.”

ತುಸು ಹೊತ್ತಿಗೆ ಕುರ್ಚಿ ಒಂದು ಮಾರು ಹತ್ತಿರ ಬಂದಿತ್ತು. ಅದು ಹೇಗೆ ಬಂತೆಂದು ಯಾರೂ ನೋಡಲಿಲ್ಲ. ಮಾರ್ಥವ್ವ ಎರಡು ಹಿಡಿ ಉಪ್ಪು ಹಾಕಿ ಮೂರನೆಯದಕ್ಕೆ ಕೈ ಒಯ್ದಳು.

“ಬಿಡು ಉಪ್ಪು! ಸಾಕು. ನಲವತ್ತು ವರ್ಷದ ಕೈ ಹೇಳಾಕತ್ತೈತಿ, ಎರಡು ಹಿಡಿ ಸಾಕು.”

“ಮೂರು ಬೇಕ್ರಿ ಅಜ್ಜಾರ. ನಾ ದಿನಾ ಮಾಡ್ತೇನಿ.”

“ಹಂಡೆ ಯಾರದು?”

ಹಂಡೆ ಅವರದು. ಮಾರ್ಥವ್ವ ಉಪ್ಪು ತಿರುಗಿ ಡಬ್ಬಿಗೆ ಹಾಕಿದಳು. ಆದರೆ ಪ್ರಭುದಾಸನನ್ನು ನೋಡಿ ಒಂದು ಕಣ್ಣು ಹೊಡೆದಳು.

ದವಾಖಾನೆಯ ಕಟ್ಟೆಯ ಮೇಲೆ ಅಂದು ಜೋಯಿಡಾ ಕಡೆಯವರೇ ಹೆಚ್ಚು. ಎಲ್ಲರ ತಾಟಿಗೂ ಗಂಜಿ ಬಿತ್ತು. ಹಬ್ಬವೆಂದು ಮೇಳ ಅಲ್ಲೇ ನಿಂತು ಹಾಡಿತು. ಪ್ರಭುದಾಸನ ಎರಡು ನುಡಿ, ನೀಲಕ್ಕನ ಒಂದು ನುಡಿ. ಮುಗಿಯಿತು ಎನ್ನುವಾಗ ತಾಟು ಹಿಡಿದು ಕೂತಿದ್ದ ಲಕ್ಷ್ಮಿ ಎಂಬ ಮುದುಕಿ, ತನ್ನ ಮಗಳ ಬಾಣಂತನಕ್ಕೆ ಬಂದವಳು, ಉಂಡ ಕೈ ಒರೆಸಿಕೊಂಡು ಅದೇ ಧಾಟಿಯಲ್ಲಿ ಕೊಂಕಣಿಯಲ್ಲಿ ಒಂದು ನುಡಿ ಎತ್ತಿದಳು. ಕಟ್ಟೆಯ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಪ್ರಭುದಾಸ ಒಂದು ಸ್ವರವೂ ತಪ್ಪದೆ ಅವಳ ಹಿಂದೆ ನುಡಿಸಿದ. ಅರ್ಥ ಮಾತ್ರ ಆಗಲಿಲ್ಲ.

“ಏನಂತಾಳ ಬಸ್ತ್ಯಾಂವ?”

ಬಸ್ತ್ಯಾಂವನಿಗೆ ನಗು ತಡೆಯಲಾಗುತ್ತಿರಲಿಲ್ಲ. “ಜಾಗಾ ಸಿಕ್ತು, ಹಂಡೆ ಸಿಕ್ತು, ದೇವರು ದೊಡ್ಡಾವ. ಉಪ್ಪು ಹಾಕೂದು ಮಾತ್ರ ಮರತ ಅಂತಾಳ್ರಿ ಮಾಸ್ತರ.”

ಹಂಡೆ ಮರಳಿಸಲು ಹೋದಾಗ ಮಾರ್ಥವ್ವ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರಲು ಸಾಧ್ಯವಿರಲಿಲ್ಲ. ಇಟ್ಟುಕೊಂಡಿದ್ದರೆ ಹೊಟ್ಟೆ ಒಡೆದೇ ಹೋಗುತ್ತಿತ್ತು. ಹಿತ್ತಲ ಬಾಗಿಲಲ್ಲೇ ನಿಂತು, ಆ ನುಡಿಯನ್ನು ಕನ್ನಡದಲ್ಲಿ, ರಾಗವಾಗಿ, ಕೈ ತಿರುಗಿಸಿ ಹಾಡಿ ತೋರಿಸಿದಳು. ನೀಲಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಡಿವೆಯ್ಯನವರು ಕುರ್ಚಿಯಿಂದ ಎದ್ದರು. ಮೊಣಕಾಲು ಹಿಡಿದುಕೊಳ್ಳುವುದನ್ನೂ ಮರೆತು ಎದ್ದರು.

“ಯಾರಾಕಿ? ಅಡಿವೆಯ್ಯನ ಹಂಡೇದಾಗ ಉಪ್ಪಿಲ್ಲ ಅಂತ ಜೋಯಿಡಾ ತುಂಬ ಹಾಡ್ಕೋತ ಹೋಗ್ತಾಳೇನು? ಆಕಿ ಊರಿಗೆ ಯಾವಾಗ ಹೋಗ್ತಾಳ?”

“ಮಗಳ ಬಾಣಂತನ ಐತ್ರಿ. ಇನ್ನೂ ನಾಕೈದು ದಿನ ಇರ್ತಾಳ” ಎಂದ ಪ್ರಭುದಾಸ.

“ಹಂಗಾರ ಹಂಡೆ ಅಲ್ಲೇ ಒಲಿ ಮ್ಯಾಲೆ ಇಡ್ರಿ. ನಾಳಿ ಆರಕ್ಕ ಬರ್ರಿ. ಉಪ್ಪು ನಾ ಹಾಕ್ತೇನಿ.” ಮಾರ್ಥವ್ವನ ಕೈಯಿಂದ ಹುಟ್ಟು ಕಿತ್ತುಕೊಂಡರು. “ಆಕಿ ಹೋದ ಮ್ಯಾಲೆ ಇನ್ನೊಬ್ಬಾಕಿ ಬರ್ತಾಳ, ಆಕೀನೂ ಏನರ ಹಾಡ್ತಾಳ. ಈ ಹೆಂಗಸರ ಬಾಯಿ ಅಂದ್ರ… ದಿನಾ ಬರ್ರಿ. ದಿನಾ ನಾನ ನಿಂತು ಮಾಡಿಸ್ತೇನಿ, ನೋಡೂಣು ಯಾರು ಏನ್ ಅಂತಾರ!”

“ದಿನಾನೇನ್ರಿ?” ಎಂದು ಪ್ರಭುದಾಸ ಮತ್ತೊಮ್ಮೆ ಕೇಳಿದ. ಕಿವಿ ಮಂದವಾದ ಮೇಲೆ ಅವನಿಗೆ ಒಳ್ಳೆಯ ಮಾತನ್ನು ಎರಡು ಸಲ ಕೇಳುವ ಅಭ್ಯಾಸವಿತ್ತು.

“ದಿನಾ ಅಂದೆ, ಕಿವುಡಾ! ಮತ್ತ ಮಾಸ್ತರ, ಆ ನಿಮ್ಮ ಪೆಟಗಿನೂ ತರ್ರಿ. ನೀಲಾ ನಿನ್ನಿಯಿಂದ ಹತ್ತು ನುಡಿ ಕಟ್ಯಾಳ, ನನ್ನ ತಲಿ ತಿನ್ನಾಕತ್ತಾಳ. ಅವನ್ನ ನೀವ ಸಂಬಾಳಿಸ್ರಿ.”

ಪ್ರಭುದಾಸ ಜೇಬಿಗೆ ಕೈ ಹಾಕಿ ಪೆನ್ನು ತೆಗೆದ. ಬರೆದುಕೊಳ್ಳಲು ಕಾಗದ ಹುಡುಕುತ್ತ, ಒಲೆಯ ಪಕ್ಕದ ಮಣೆ ಎಳೆದುಕೊಂಡು ನೀಲಕ್ಕನ ಎದುರು ಕೂತ.

“ಹೂಂ, ಹೇಳವ್ವಾ” ಎಂದ. “ಸಾವಕಾಶ ಹೇಳು. ಒಂದು ಅಕ್ಷರನೂ ಬಿಡೂದಿಲ್ಲ ನಾ.”